ಆನೆ ಮೀಯುವ ಹೊತ್ತಿಗೆ ಹೋಗಿ

ಶಾಲೆಗೆ ರಜೆ ಬಂತೆಂದರೆ ಈ ಅಂಕಣಕ್ಕೆ ಆನೆ ಪತ್ರಗಳು ಜಾಸ್ತಿ. ದುಬಾರೆಗೆ ಯಾವಾಗ ಹೋಗಬೇಕು, ಸಕ್ರೆಬೈಲಿನಲ್ಲಿ ಮಕ್ಕಳನ್ನು ನೀರಿಗೆ ಬಿಡುತ್ತಾರಾ, ಆನೆಗೆ ಏನು ಕೊಡಬಹುದು, ಹೀಗೆ. ನಾನು ಆನೆ ಶಿಬಿರಗಳಲ್ಲಿ ಪಶುವೈದ್ಯನಾಗಿ ಕೆಲಸ ಮಾಡಿದವನು. ಅದಕ್ಕೇ ಸಂಪಾದಕರು ಈ ಸಲದ ಪತ್ರಗಳ ಕಟ್ಟನ್ನು ನನ್ನ ಕೈಗೆ ಕೊಟ್ಟಿದ್ದಾರೆ. ಗೊತ್ತಿರುವಷ್ಟನ್ನು ಹೇಳುತ್ತೇನೆ.

ಪ್ರಶ್ನೆ: ಮೈಸೂರಿನಿಂದ ಬೆಳಿಗ್ಗೆ ಹೊರಟು ದುಬಾರೆಯಲ್ಲಿ ಆನೆ ಸ್ನಾನ ನೋಡಿ ಸಂಜೆಗೆ ಮನೆ ಸೇರಬಹುದಾ? ನಾವೂ ಆನೆಯ ಮೈ ಉಜ್ಜಬಹುದಾ?
– ಗೃಹಿಣಿ, ಮೈಸೂರು

ಧಾರಾಳವಾಗಿ ಸೇರಬಹುದು. ಹುಣಸೂರು, ಪಿರಿಯಾಪಟ್ಟಣ, ಬೈಲಕುಪ್ಪೆ ದಾಟಿದರೆ ಕುಶಾಲನಗರ. ಅಲ್ಲಿಂದ ನಂಜರಾಯಪಟ್ಟಣದ ಕಡೆಗೆ ಸುಮಾರು 15 ಕಿಲೋಮೀಟರ್ ಹೋದರೆ ಕಾವೇರಿ ದಡ. ಶಿಬಿರ ಇರುವುದು ಹೊಳೆಯ ಆಚೆ ದಡದಲ್ಲಿ, ದೋಣಿಯಲ್ಲಿ ದಾಟಬೇಕು. ಮಳೆಗಾಲದಲ್ಲಿ ಹೊಳೆ ತುಂಬಿದರೆ ದೋಣಿಯೇ ಇರುವುದಿಲ್ಲ.

ಒಂದೇ ಮಾತು ನೆನಪಿಡಿ. ಸ್ನಾನ ಬೆಳಗಿನ ಕೆಲಸ. ಒಂಬತ್ತಕ್ಕೆಲ್ಲ ನೀವು ಹೊಳೆ ಹತ್ತಿರ ಇರಬೇಕು. ಆರಾಮವಾಗಿ ತಿಂಡಿ ತಿಂದು, ಬೈಲಕುಪ್ಪೆಯ ಗೋಲ್ಡನ್ ಟೆಂಪಲ್ ನೋಡಿ, ನಿಸರ್ಗಧಾಮದಲ್ಲಿ ಫೋಟೊ ತೆಗೆಸಿಕೊಂಡು ಹನ್ನೆರಡಕ್ಕೆ ಬಂದರೆ ಖಾಲಿ ಹೊಳೆ ನೋಡಿಕೊಂಡು ಹೋಗಬೇಕು. ಅವೆಲ್ಲ ವಾಪಸ್ ಬರುವಾಗ ದಾರಿಯಲ್ಲೇ ಸಿಗುತ್ತವೆ.

ಮೈ ಉಜ್ಜಲು ಬಿಡುವುದು, ಬಿಡದಿರುವುದು ಶಿಬಿರದವರಿಗೆ ಬಿಟ್ಟದ್ದು. ನಿಯಮ ಬದಲಾಗುತ್ತಿರುತ್ತದೆ. ಹಿಂದಿನ ದಿನವೇ ಫೋನ್ ಮಾಡಿ ಸಮಯ, ರಜೆ, ಟಿಕೆಟ್ ಎಲ್ಲ ಕೇಳಿಕೊಳ್ಳಿ. ನೀರಿಗೆ ಇಳಿಯಲು ಬಿಡಲಿಲ್ಲವೆಂದು ಮಾವುತರ ಹತ್ತಿರ ಜಗಳ ಮಾಡಬೇಡಿ. ದಡದಲ್ಲಿ ನಿಂತವರಿಗೇ ಆನೆ ಪೂರ್ತಿ ಕಾಣುವುದು.

ಪ್ರಶ್ನೆ: ಹೋದ ವರ್ಷ ಗೆಳೆಯರ ಜೊತೆ ಹೋಗಿದ್ದೆ. ಆನೆ ಮಲಗಿತ್ತು, ಒಬ್ಬರು ಉಜ್ಜುತ್ತಿದ್ದರು. ಅಷ್ಟೇ. ಇದರಲ್ಲಿ ನೋಡುವಂಥದ್ದು ಏನಿದೆ?
– ಕಾಲೇಜು ವಿದ್ಯಾರ್ಥಿ, ಹಾಸನ

ಈ ಪ್ರಶ್ನೆ ಕೇಳಿದ್ದಕ್ಕೆ ನಿಮಗೆ ಥ್ಯಾಂಕ್ಸ್. ಬಹಳ ಜನಕ್ಕೆ ಹೀಗೇ ಅನ್ನಿಸುತ್ತದೆ, ಯಾರೂ ಕೇಳುವುದಿಲ್ಲ.

ನೀವು ನೋಡಿದ್ದು ಬರೀ ಸ್ನಾನ ಅಲ್ಲ, ಆ ಆನೆಯ ದಿನದ ಆರೋಗ್ಯ ತಪಾಸಣೆ. ಮಾವುತ "ಬೈಟ್" ಅನ್ನುತ್ತಾನೆ, ಆನೆ ಕೂರುತ್ತದೆ, ಆಮೇಲೆ ಒಂದು ಮಗ್ಗುಲಿಗೆ ಹೊರಳುತ್ತದೆ. ತಲೆ ನೀರಿನಲ್ಲಿದ್ದರೂ ಸೊಂಡಿಲ ತುದಿ ಮಾತ್ರ ಮೇಲೆ ಇರುತ್ತದೆ, ಉಸಿರಿಗೆ. ಮಾವುತ ಮತ್ತು ಅವನ ಸಹಾಯಕ ಕಾವಾಡಿ ಇಬ್ಬರೂ ಸೇರಿ ಬ್ರಷ್ಷೋ ತೆಂಗಿನ ನಾರೋ ಹಿಡಿದು ಬೆನ್ನಿನಿಂದ ಶುರು ಮಾಡುತ್ತಾರೆ. ಅವರ ಕೈ ಎಲ್ಲೆಲ್ಲಿ ನಿಲ್ಲುತ್ತದೆ ಅನ್ನುವುದನ್ನು ನೋಡಿ.

ಕಿವಿಯ ಹಿಂದೆ ನಿಲ್ಲುತ್ತದೆ. ಅಲ್ಲಿ ಚರ್ಮ ತೆಳು, ರಕ್ತನಾಳಗಳು ಕೈಗೆ ಸಿಗುತ್ತವೆ. ನಾವು ವೈದ್ಯರು ರಕ್ತ ತೆಗೆಯುವುದೂ ಕಿವಿಯಿಂದಲೇ. ಆಮೇಲೆ ಕಣ್ಣಿನ ಹತ್ತಿರ. ಮುಳ್ಳೋ ಕಡ್ಡಿಯೋ ತಾಗಿ ಕಣ್ಣಿನ ಮೇಲೆ ಬಿಳಿ ಪೊರೆ ಬಂದಿದ್ದರೆ ಮೊದಲು ಗೊತ್ತಾಗುವುದು ಮಾವುತನಿಗೆ. ಕಣ್ಣಿಗೂ ಕಿವಿಗೂ ಮಧ್ಯೆ ಒಂದು ಸಣ್ಣ ತೂತು ಇದೆ. ಗಂಡಾನೆಯಲ್ಲಿ ಅದರ ಸುತ್ತ ಊದಿಕೊಂಡು, ಎಣ್ಣೆಯಂಥ ದ್ರವ ಕೆನ್ನೆ ಮೇಲೆ ಇಳಿಯತೊಡಗಿದರೆ ಮದ ಬರುತ್ತಿದೆ ಎಂದು ಅರ್ಥ. ಆ ಆನೆಯನ್ನು ಜನರ ಹತ್ತಿರ ತರುವುದಿಲ್ಲ, ದೂರ ಕಟ್ಟುತ್ತಾರೆ.

ಕೊನೆಗೆ ಕಾಲು. ಸಾಕಿದ ಆನೆಗಳನ್ನು ಕಾಡುವ ಕಾಯಿಲೆಗಳಲ್ಲಿ ಪಾದದ್ದೇ ದೊಡ್ಡ ಪಾಲು. ಅಂಗಾಲು ಬಿರಿಯುತ್ತದೆ, ಬಿರುಕಿನಲ್ಲಿ ಕಲ್ಲು ಸಿಕ್ಕಿಕೊಳ್ಳುತ್ತದೆ, ಒಳಗೆ ಕೀವು ಕಟ್ಟುತ್ತದೆ. ಟನ್‌ಗಟ್ಟಲೆ ತೂಕ ನಾಲ್ಕೇ ಪಾದದ ಮೇಲೆ ಬೀಳುವುದಲ್ವಾ, ಒಂದು ಕೆಟ್ಟರೆ ಉಳಿದ ಮೂರಕ್ಕೂ ಹೊರೆ. ಒಬ್ಬ ಹಿರಿಯ ಮಾವುತ ಉಗುರುಗಳ ಸಂದಿಯಲ್ಲಿ ಬೆರಳು ಆಡಿಸಿಯೇ ನನ್ನನ್ನು ಕರೆಯುತ್ತಿದ್ದರು. ಹೊರಗೆ ಗಾಯವೇ ಕಾಣುತ್ತಿರಲಿಲ್ಲ. "ಸ್ವಲ್ಪ ಬಿಸಿ ಇದೆ ಡಾಕ್ಟ್ರೇ" ಅನ್ನುತ್ತಿದ್ದರು. ಒತ್ತಿ ನೋಡಿದರೆ ಆನೆ ಕಾಲು ಎಳೆದುಕೊಳ್ಳುತ್ತಿತ್ತು. ಒಳಗೆ ಕೀವು ಇರುತ್ತಿತ್ತು. ಅವರು ನಮ್ಮ ಕಾಲೇಜಿನಲ್ಲಿ ಓದಿದವರಲ್ಲ. ಆದರೆ ಆನೆಯ ಪಾದದ ಬಗ್ಗೆ ಅವರಿಂದ ಕಲಿತಷ್ಟನ್ನು ನಾನು ಯಾವ ಪುಸ್ತಕದಿಂದಲೂ ಕಲಿಯಲಿಲ್ಲ.

ಒಂದು ಮಗ್ಗುಲು ಮುಗಿದ ಮೇಲೆ ಆನೆಯನ್ನು ಎಬ್ಬಿಸಿ ಇನ್ನೊಂದು ಮಗ್ಗುಲಿಗೆ ಹೊರಳಿಸುತ್ತಾರೆ. ಒಂದೇ ಕಡೆ ಬಹಳ ಹೊತ್ತು ಮಲಗಿದರೆ ಅಷ್ಟು ದೊಡ್ಡ ಮೈಯ ಭಾರಕ್ಕೆ ಅದಕ್ಕೇ ಉಸಿರಾಟ ಕಷ್ಟ. ಮುಂದಿನ ಸಲ ಹೋದಾಗ ಗೆಳೆಯರು ರೀಲ್ಸ್ ಮಾಡಿಕೊಳ್ಳಲಿ, ನೀವು ಒಬ್ಬ ಮಾವುತನ ಕೈಯನ್ನೇ ನೋಡುತ್ತಾ ನಿಲ್ಲಿ.

ಪ್ರಶ್ನೆ: ಅಷ್ಟು ಚೆನ್ನಾಗಿ ಸ್ನಾನ ಮಾಡಿಸಿದ ಮೇಲೆ ಆನೆ ದಡಕ್ಕೆ ಬಂದು ಮೈತುಂಬ ಮಣ್ಣು ಎರಚಿಕೊಂಡಿತು. ನಮ್ಮ ಆರು ವರ್ಷದ ಮಗಳು ಅತ್ತೇಬಿಟ್ಟಳು. ಯಾಕೆ ಹಾಗೆ ಮಾಡುತ್ತದೆ?
– ಶಿಕ್ಷಕಿ, ಚಿತ್ರದುರ್ಗ

ಮಗಳಿಗೆ ಹೇಳಿ, ಅದು ಆನೆಯ ಪೌಡರ್. ಆನೆಯ ಚರ್ಮ ಕೆಲವು ಕಡೆ ಎರಡು ಸೆಂಟಿಮೀಟರಿಗಿಂತ ದಪ್ಪ. ಆದರೂ ನೊಣ ಕೂತರೆ ಗೊತ್ತಾಗುವಷ್ಟು ಸೂಕ್ಷ್ಮ. ಮೈಮೇಲೆ ಕೂದಲು ಕಡಿಮೆ, ನಮ್ಮ ಹಾಗೆ ಮೈಯೆಲ್ಲ ಬೆವರುವುದೂ ಇಲ್ಲ. ಒದ್ದೆ ಮೈಗೆ ಮಣ್ಣು ಅಂಟಿಸಿಕೊಂಡರೆ ಬಿಸಿಲು ಸುಡುವುದಿಲ್ಲ, ನೊಣ ಕಚ್ಚುವುದಿಲ್ಲ, ಸುಕ್ಕುಗಳ ಒಳಗಿನ ತೇವ ಬೇಗ ಆರುವುದಿಲ್ಲ. ಕಿವಿ ಬೀಸುವುದೂ ತಂಪಿಗೇ. ಕಿವಿಯಲ್ಲಿ ಹರಿಯುವ ರಕ್ತ ಗಾಳಿಗೆ ತಣ್ಣಗಾಗಿ ಒಳಗೆ ಹೋಗುತ್ತದೆ. ಸ್ನಾನ ಹಾಳಾಗಲಿಲ್ಲ, ಈಗ ಪೂರ್ತಿಯಾಯಿತು ಅಂತ ಹೇಳಿ, ಸಮಾಧಾನವಾಗುತ್ತಾಳೆ.

ಸೊಂಡಿಲು, ಕಿವಿಯ ಮೇಲೆ ಗುಲಾಬಿ ಚುಕ್ಕೆಗಳನ್ನು ನೋಡಿ ಕಾಯಿಲೆಯೇನೋ ಅಂತಲೂ ಬರೆದಿದ್ದೀರಿ. ಕಾಯಿಲೆಯಲ್ಲ. ಏಷ್ಯಾದ ಆನೆಗಳಿಗೆ ವಯಸ್ಸಾಗುತ್ತಾ ಅಲ್ಲಿ ಬಣ್ಣ ಹೋಗುತ್ತದೆ.

ಪ್ರಶ್ನೆ: ಆನೆಯ ಕಾಲಲ್ಲಿ ಸರಪಳಿ ನೋಡಿ ಮನಸ್ಸು ಕೆಟ್ಟಿತು. ಇಂಥ ಕಡೆ ಹೋಗುವುದೇ ತಪ್ಪಲ್ವಾ? ಅವನ್ನೆಲ್ಲ ಕಾಡಿಗೆ ಬಿಡಬಾರದಾ?
– ಸಾಫ್ಟ್‌ವೇರ್ ಉದ್ಯೋಗಿ, ಬೆಂಗಳೂರು

ನಿಮ್ಮ ಮನಸ್ಸು ಕೆಟ್ಟಿದ್ದು ಸರಿಯೇ. ಸರಪಳಿಯನ್ನು ನೋಡಿ ಏನೂ ಅನ್ನಿಸದವರ ಬಗ್ಗೆ ನನಗೆ ಹೆಚ್ಚು ಚಿಂತೆ.

ಆದರೆ ಆ ಸರಪಳಿಯ ಕೆಲಸವನ್ನೂ ತಿಳಿದುಕೊಳ್ಳಿ. ನಮ್ಮ ಕಾಡಿನ ಶಿಬಿರಗಳಲ್ಲಿ ಸಂಜೆ ಆನೆಗಳನ್ನು ಮೇಯಲು ಕಾಡಿಗೆ ಬಿಡುತ್ತಾರೆ. ಕಾಲಿನ ಸರಪಳಿ ನೆಲದ ಮೇಲೆ ಎಳೆದುಕೊಂಡು ಹೋಗುತ್ತದೆ. ಬೆಳಿಗ್ಗೆ ಮಾವುತ, ಕಾವಾಡಿ ಆ ಗೆರೆ ಹಿಡಿದು, ಮುರಿದ ಬಿದಿರು, ಬಿಸಿ ಲದ್ದಿ ನೋಡುತ್ತಾ ಹುಡುಕಿ ಕರೆದುಕೊಂಡು ಬರುತ್ತಾರೆ. ಇವರಲ್ಲಿ ಎಷ್ಟೋ ಮಂದಿ ಜೇನುಕುರುಬ ಬುಡಕಟ್ಟಿನವರು, ಕಾಡನ್ನು ಓದುವುದು ಅವರಿಗೆ ಮನೆಯಲ್ಲೇ ಬಂದ ವಿದ್ಯೆ. ನೀವು ಒಂಬತ್ತಕ್ಕೆ ಹೊಳೆಯಲ್ಲಿ ನೋಡುವ ಆನೆ ಹಿಂದಿನ ರಾತ್ರಿ ಕಾಡಿನಲ್ಲೇ ಇತ್ತು. ಕಾಡಾನೆಗಳ ಜೊತೆ ಬೆರೆತು ಬಂದದ್ದೂ ಇರುತ್ತದೆ. ಕಾಂಕ್ರೀಟಿನ ಮೇಲೆ ಒಂಟಿಯಾಗಿ ವರ್ಷಗಟ್ಟಲೆ ನಿಲ್ಲುವ ಆನೆಗೆ ಹೋಲಿಸಿದರೆ ಇದು ಎಷ್ಟೋ ವಾಸಿ. ಹಾಗಂತ ಬಿಗಿ ಸರಪಳಿಯಿಂದ ಆದ ಗಾಯವನ್ನು ನಾನು ಒಪ್ಪುವುದಿಲ್ಲ. ಕಾಲಲ್ಲಿ ಹಸಿ ಗಾಯ ಕಂಡರೆ ಅಲ್ಲಿನ ಅಧಿಕಾರಿಗೆ ಹೇಳಿ. ಅದು ನಿಮ್ಮ ಹಕ್ಕು.

ಈ ಆನೆಗಳು ಎಲ್ಲಿಂದ ಬಂದವು? ಹಿಂದೆ ಖೆಡ್ಡಾದಲ್ಲಿ, ಅಂದರೆ ಕಾಡಾನೆಗಳ ಹಿಂಡನ್ನು ಬೇಲಿಯೊಳಗೆ ಅಟ್ಟಿ, ಹಿಡಿದು ಮರ ಎಳೆಯಲು ಹಚ್ಚುತ್ತಿದ್ದರು. ಕಾಕನಕೋಟೆಯಲ್ಲಿ 1971ರಲ್ಲಿ ನಡೆದದ್ದೇ ಕೊನೆಯ ಖೆಡ್ಡಾ. ಈಗ ಶಿಬಿರಕ್ಕೆ ಬರುವುದು ಬಹುಪಾಲು ಊರು, ತೋಟಗಳಲ್ಲಿ ಸಂಘರ್ಷಕ್ಕೆ ಸಿಕ್ಕ ಆನೆಗಳು. 2014ರಲ್ಲಿ ಹಾಸನದ ಆಲೂರು ಭಾಗದಿಂದ 20ಕ್ಕೂ ಹೆಚ್ಚು ಆನೆ ಹಿಡಿದರು. ಅವನ್ನು ದಪ್ಪ ಮರದ ದಿಮ್ಮಿಗಳ ಕ್ರಾಲ್‌ನಲ್ಲಿಟ್ಟು ತಿಂಗಳುಗಟ್ಟಲೆ ಪಳಗಿಸುತ್ತಾರೆ. ಆ ದಿನಗಳು ಆನೆಗೆ ಕಷ್ಟದ ದಿನಗಳು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಮತ್ತೆ ಕಾಡಿಗೆ ಬಿಟ್ಟರೆ ಅದು ಯಾವ ಕಾಡು? ಅದು ಹಳೆ ದಾರಿ ಹಿಡಿದು ಮತ್ತೆ ಅದೇ ಭತ್ತದ ಗದ್ದೆಗೆ ಬರುತ್ತದೆ. 2023ರ ಗಣತಿಯಲ್ಲಿ ನಮ್ಮ ರಾಜ್ಯದಲ್ಲಿ 6,395 ಕಾಡಾನೆಗಳಿದ್ದವು, ದೇಶದಲ್ಲೇ ಜಾಸ್ತಿ. ಅವು ಓಡಾಡುವ ದಾರಿಗಳನ್ನು ಉಳಿಸಿದರೆ ಶಿಬಿರಕ್ಕೆ ಬರುವ ಆನೆಗಳೇ ಕಡಿಮೆಯಾಗುತ್ತವೆ. ಸಿಟ್ಟು ಮಾಡುವುದಾದರೆ ಆ ದಾರಿಗಳಿಗೆ ಅಡ್ಡ ಬಂದ ಬೇಲಿ, ಕಾಲುವೆ, ರೆಸಾರ್ಟುಗಳ ಮೇಲೆ ಮಾಡಿ.

ಶಿಬಿರದ ಆನೆಗಳು ಸುಮ್ನೆ ನಿಂತಿಲ್ಲ ಅನ್ನುವುದನ್ನೂ ಹೇಳಬೇಕು. ಕಾಡಾನೆ ಹಿಡಿಯುವಾಗ, ಹುಲಿ ಹುಡುಕುವಾಗ ಮುಂದೆ ಹೋಗುವುದು ಅವೇ. 2012ರಿಂದ 2019ರವರೆಗೆ ಎಂಟು ದಸರೆಗಳಲ್ಲಿ ಸುಮಾರು 750 ಕಿಲೋ ತೂಕದ ಚಿನ್ನದ ಅಂಬಾರಿ ಹೊತ್ತ ಅರ್ಜುನ ಸತ್ತದ್ದು ಮೆರವಣಿಗೆಯಲ್ಲಲ್ಲ. 2023ರ ಡಿಸೆಂಬರ್ 4ರಂದು ಸಕಲೇಶಪುರದ ಯಸಳೂರಿನಲ್ಲಿ, ಕಾರ್ಯಾಚರಣೆಯ ಮಧ್ಯೆ, ಒಂದು ಕಾಡು ಸಲಗದ ಜೊತೆ ಹೋರಾಡುತ್ತಾ. ಅವನ ಮಾವುತ ಗೋಳಾಡಿದ್ದನ್ನು ನೀವೂ ಟಿವಿಯಲ್ಲಿ ನೋಡಿರುತ್ತೀರಿ. ನನಗೆ ಅವತ್ತು ಊಟ ಸೇರಲಿಲ್ಲ.

ಪ್ರಶ್ನೆ: ಆನೆಗೆ ಕೊಡಲು ಮನೆಯಿಂದ ಏನು ತೆಗೆದುಕೊಂಡು ಹೋಗಲಿ? ಬಾಳೆಹಣ್ಣು, ಚಪಾತಿ, ಲಾಡು?
– ಹಿರಿಯ ನಾಗರಿಕರು, ದಾವಣಗೆರೆ

ಏನೂ ಬೇಡ. ಶಿಬಿರದಲ್ಲಿ ರಾಗಿ, ಹುರುಳಿ, ಬೆಲ್ಲ ಹಾಕಿ ಬೇಯಿಸಿ ದೊಡ್ಡ ದೊಡ್ಡ ಮುದ್ದೆ ಕಟ್ಟುತ್ತಾರೆ. ದಸರಾ ಆನೆಗಳಿಗೆ ಕುಸುರೆ ಕೊಡುತ್ತಾರೆ, ಹುಲ್ಲಿನಲ್ಲಿ ಭತ್ತ, ಬೆಲ್ಲ, ಕಾಯಿ, ಹಿಂಡಿ ಇಟ್ಟು ಸುತ್ತಿದ್ದು. ಉಳಿದದ್ದು ಸೊಪ್ಪು, ಬಿದಿರು, ಹುಲ್ಲು. ದೊಡ್ಡ ಆನೆಗೆ ದಿನಕ್ಕೆ ನೂರೈವತ್ತು ಕಿಲೋ ಮೇವು ಬೇಕು. ನಿಮ್ಮ ಲಾಡು ಅದರ ಹೊಟ್ಟೆ ತುಂಬಿಸುವುದಿಲ್ಲ, ಕೆಡಿಸಬಹುದು. ಅಲ್ಲಿನವರೇ ಮುದ್ದೆ ಕೊಟ್ಟು ತಿನ್ನಿಸಿ ಅಂದರೆ ತಿನ್ನಿಸಿ. ಪ್ಲಾಸ್ಟಿಕ್ ಕವರನ್ನು ದೋಣಿ ಹತ್ತುವ ಮೊದಲೇ ಕಾರಿನಲ್ಲಿ ಬಿಡಿ. ಉಪ್ಪಿನ ರುಚಿ ಹತ್ತಿದ ಕವರನ್ನು ಆನೆ ಹಾಗೇ ನುಂಗುತ್ತದೆ.

ಇನ್ನೊಂದು ವಿಷಯ, ಬಹಳ ಜನಕ್ಕೆ ಗೊತ್ತಿಲ್ಲ. ಮನುಷ್ಯರ ಕ್ಷಯ ಆನೆಗೂ ಅಂಟುತ್ತದೆ. ಕೆಮ್ಮು, ಜ್ವರ ಇದ್ದರೆ ಆನೆಯ ಹತ್ತಿರ ಹೋಗಲೇಬೇಡಿ, ಪ್ರವಾಸವನ್ನೇ ಮುಂದಕ್ಕೆ ಹಾಕಿ.

ಪ್ರಶ್ನೆ: ನಾವು ಸಿಂಗಪುರದಲ್ಲಿದ್ದೇವೆ. ಥಾಯ್ಲೆಂಡ್‌ಗೆ ಹೋಗಿ ಆನೆ ಸ್ನಾನ ಮಾಡಿಸುವ ಪ್ಯಾಕೇಜ್ ತಗೊಳ್ಳೋಣ ಅಂತಿದ್ದೇವೆ. ಅಲ್ಲಿ ಎಲ್ಲರೂ ನೀರಿಗೆ ಇಳಿಯುತ್ತಾರೆ. ಸರಿಯೇ?
– ಕನ್ನಡತಿ, ಸಿಂಗಪುರ

ನನ್ನನ್ನು ಕೇಳಿದರೆ ಇಳಿಯಬೇಡಿ. ಥಾಯ್ಲೆಂಡ್ ಸರ್ಕಾರ 1989ರಲ್ಲಿ ಕಾಡಿನ ಮರ ಕಡಿಯುವುದನ್ನು ನಿಲ್ಲಿಸಿತು. ಮರ ಎಳೆಯುತ್ತಿದ್ದ ಆನೆಗೂ ಮಾವುತನಿಗೂ ಕೆಲಸ ಹೋಯಿತು. ಹೊಟ್ಟೆಪಾಡಿಗೆ ಪ್ರವಾಸಿಗರ ಕಡೆ ಬಂದರು. ಮೊದಲು ಸವಾರಿ, ಈಗ ಸ್ನಾನ. ಅವರ ಬದುಕನ್ನು ತೆಗಳುವ ಮನಸ್ಸು ನನಗಿಲ್ಲ. ಆದರೆ ಗುಂಪಿನ ಮೇಲೆ ಗುಂಪು ಬಂದಾಗ ಅದೇ ಆನೆ ದಿನಕ್ಕೆ ಎಷ್ಟು ಸಲ ನೀರಿಗೆ ಇಳಿಯಬೇಕು, ಎಷ್ಟು ಅಪರಿಚಿತ ಕೈಗಳನ್ನು ತಡೆದುಕೊಳ್ಳಬೇಕು, ಯೋಚಿಸಿ. 2025ರ ಜನವರಿಯಲ್ಲಿ ಅಲ್ಲಿನ ಯಾವೊ ಯಾಯ್ ದ್ವೀಪದಲ್ಲಿ ಆನೆ ಸ್ನಾನ ಮಾಡಿಸುತ್ತಿದ್ದ ಸ್ಪೇನ್ ದೇಶದ ವಿದ್ಯಾರ್ಥಿನಿಯೊಬ್ಬಳು ಆನೆ ತಿವಿದು ಸತ್ತಳು. 22 ವರ್ಷದ ಹುಡುಗಿ. ನೀರಿನಲ್ಲಿ ಕಾಲು ಜಾರುತ್ತದೆ, ಓಡಲು ಆಗುವುದಿಲ್ಲ. ಆನೆ ಸುಮ್ನೆ ತಲೆ ತಿರುಗಿಸಿದರೂ ನಮ್ಮನ್ನು ಕೆಡವಲು ಸಾಕು.

ಆನೆಗಳನ್ನು ತಮ್ಮ ಪಾಡಿಗೆ ಮೀಯಲು ಬಿಟ್ಟು, ದೂರದಿಂದ ತೋರಿಸುವ ಜಾಗಗಳು ಅಲ್ಲೂ ಇವೆ. ಬುಕ್ ಮಾಡುವ ಮೊದಲು ಒಂದೇ ಪ್ರಶ್ನೆ ಕೇಳಿ: ಆನೆಗೆ ಬೇಡ ಅನ್ನಿಸಿದರೆ ನೀರಿನಿಂದ ಎದ್ದು ಹೋಗಬಹುದಾ? ನೇರ ಉತ್ತರ ಬರದಿದ್ದರೆ ಬೇರೆ ಕಡೆ ನೋಡಿ. ಊರಿಗೆ ಬಂದಾಗ ದುಬಾರೆಗೂ ಹೋಗಿ ಬನ್ನಿ.

ಪ್ರಶ್ನೆ: ಅಮ್ಮನಿಗೆ ಎಪ್ಪತ್ತೆಂಟು, ಮಂಡಿ ನೋವು. ಆನೆ ಸ್ನಾನ ನೋಡಬೇಕೆಂದು ಬಹಳ ಆಸೆ. ಎಲ್ಲಿಗೆ ಕರೆದುಕೊಂಡು ಹೋಗಲಿ?
– ಬ್ಯಾಂಕ್ ಉದ್ಯೋಗಿ, ಭದ್ರಾವತಿ

ನಿಮಗೆ ಸಕ್ರೆಬೈಲು ಹತ್ತಿರ, ಅಮ್ಮನಿಗೂ ಅದೇ ಸುಲಭ. ಶಿವಮೊಗ್ಗದಿಂದ ತೀರ್ಥಹಳ್ಳಿ ರಸ್ತೆಯಲ್ಲಿ ಸುಮಾರು 14 ಕಿಲೋಮೀಟರ್, ಗಾಜನೂರು ಅಣೆಕಟ್ಟಿನ ಹಿನ್ನೀರಿನ ದಡ. ಶಿಬಿರ ರಸ್ತೆಗೆ ಅಂಟಿಕೊಂಡೇ ಇದೆ, ಹೊಳೆ ದಾಟುವ ತಾಪತ್ರಯವಿಲ್ಲ. ದುಬಾರೆಯಲ್ಲಿ ದೋಣಿ ಹತ್ತಿ ಇಳಿಯಬೇಕು, ಬೇಸಿಗೆಯಲ್ಲಿ ನೀರು ಇಳಿದರೆ ಪಾಚಿ ಕಟ್ಟಿದ ಬಂಡೆಗಳ ಮೇಲೆ ನಡೆಯಬೇಕು. ಆ ಮಂಡಿಗೆ ಅದು ಬೇಡ.

ಇಲ್ಲೂ ಬೆಳಿಗ್ಗೆಯೇ ಸ್ನಾನ. ಭಾನುವಾರ ಬಿಟ್ಟು ಬೇರೆ ದಿನ ಹೋಗಿ, ಜನ ಕಡಿಮೆ. ಒಂದು ಮಡಚುವ ಕುರ್ಚಿ, ಟೋಪಿ, ಕುಡಿಯುವ ನೀರು ಇಟ್ಟುಕೊಳ್ಳಿ. ಮರಿಗಳಿದ್ದರೆ ಅವುಗಳ ಹತ್ತಿರ ಮಾತ್ರ ಹೋಗಬೇಡಿ, ತಾಯಿ ಎಲ್ಲಿದ್ದರೂ ಅದರ ಗಮನ ಮರಿಯ ಮೇಲೇ ಇರುತ್ತದೆ. ಮಾವುತರು ಬಿಡುವಾಗಿದ್ದರೆ ಅಮ್ಮನನ್ನು ಪರಿಚಯ ಮಾಡಿಸಿ, ಆನೆಯ ಹೆಸರು, ವಯಸ್ಸು, ಎಲ್ಲಿಂದ ಬಂತು ಕೇಳಿ. ಅವರು ಹೇಳುವ ಕಥೆ ಕೇಳುತ್ತಾ ಕೂತರೆ ಅಮ್ಮನಿಗೆ ಮಧ್ಯಾಹ್ನ ಆದದ್ದೇ ಗೊತ್ತಾಗುವುದಿಲ್ಲ.