ಮೊದಲು ನೀವು ಬಸ್ ಹತ್ತಿರಿ

ಗದಗ-ಬೆಟಗೇರಿಯ ತಾಯಿಯೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಅದರ ಒಂದು ಸಾಲು ಎರಡು ದಿನವಾದರೂ ನನ್ನನ್ನು ಬಿಡಲಿಲ್ಲವಾದ್ದರಿಂದ, ಈ ವಾರ ಬಂದ ಉಳಿದ ಪತ್ರಗಳನ್ನು ಪಕ್ಕಕ್ಕಿರಿಸಿ ಇದೊಂದಕ್ಕೇ ಉತ್ತರ ಬರೆಯುತ್ತಿದ್ದೇನೆ.

ಅವರಿಗೆ 46 ವರ್ಷ. 23 ವರ್ಷದ ಒಬ್ಬನೇ ಮಗ ಹುಬ್ಬಳ್ಳಿಯಲ್ಲಿ ಕೆಲಸಕ್ಕೆ ಸೇರಿ, ವಿದ್ಯಾನಗರದಲ್ಲಿ ಇಬ್ಬರು ಗೆಳೆಯರೊಂದಿಗೆ ರೂಮು ಮಾಡಿಕೊಂಡಿದ್ದಾನೆ. ಮೊದಮೊದಲು ಪ್ರತಿ ಶನಿವಾರ ಊರಿಗೆ ಬರುತ್ತಿದ್ದವನು ಈಗ ತಿಂಗಳಿಗೊಮ್ಮೆ ಬರುತ್ತಾನೆ. ಬಸ್ಸಿನ ಕಂಡಕ್ಟರ್ ಕೈಯಲ್ಲಿ ತಾಯಿ ಕಳಿಸುತ್ತಿದ್ದ ಖಡಕ್ ರೊಟ್ಟಿ, ಶೇಂಗಾ ಚಟ್ನಿಯ ಗಂಟನ್ನೂ “ಇಲ್ಲೇ ಖಾನಾವಳಿ ಐತಿ, ಕಳಸಬ್ಯಾಡ ಯವ್ವಾ” ಎಂದು ನಿಲ್ಲಿಸಿದ್ದಾನೆ. ಗೆಳೆಯರು ಕೆಡಿಸಿದರೆಂಬುದು ತಾಯಿಯ ಅನುಮಾನ. “ಅವ್ವಗ ಆರಾಮಿಲ್ಲ ಅಂತ ಫೋನ್ ಮಾಡಿದ್ರ ಓಡಿ ಬರ್ತಾನ” ಎಂಬುದು ತಂದೆ ಕೊಟ್ಟ ಉಪಾಯ. ಹಾಗೆ ಮಾಡಬಹುದೇ ಎಂಬುದು ಪತ್ರದ ಪ್ರಶ್ನೆ.

ತಾಯಿ, ಮಾಡಬೇಡಿ. ಸುಳ್ಳು ಕಾಯಿಲೆಗೆ ಓಡಿ ಬಂದ ಮಗ, ನಿಮಗೆ ನಿಜವಾಗಿಯೂ ಆರಾಮವಿಲ್ಲದ ದಿನ ಹೊರಡುವ ಮೊದಲು ಒಂದು ಗಳಿಗೆ ಯೋಚಿಸುತ್ತಾನೆ. ಆ ಒಂದು ಗಳಿಗೆಯನ್ನು ನಿಮ್ಮ ಕೈಯಾರೆ ತಂದುಕೊಳ್ಳಬೇಡಿ.

ಮಗ ಕೆಟ್ಟಿದ್ದಾನೆ ಎನ್ನುವುದಕ್ಕೆ ನಿಮ್ಮ ಪತ್ರದಲ್ಲಿ ಒಂದು ಕುರುಹೂ ನನಗೆ ಸಿಗಲಿಲ್ಲ. ದಿನ ಬಿಟ್ಟು ದಿನ ಫೋನ್ ಮಾಡುತ್ತಾನೆ, ಸಂಬಳದಲ್ಲಿ ಮನೆಗೆ ಕಳಿಸುತ್ತಾನೆ, ತನ್ನ ಬಟ್ಟೆ ತಾನೇ ಒಗೆದುಕೊಳ್ಳುವುದನ್ನು ಕಲಿತಿದ್ದಾನೆ. 1950ರ ದಶಕದಲ್ಲಿ ಉಗಾಂಡಾದ ಹಳ್ಳಿಗಳಲ್ಲಿ ತಾಯಂದಿರನ್ನೂ ಕೂಸುಗಳನ್ನೂ ತಿಂಗಳುಗಟ್ಟಲೆ ಗಮನಿಸಿದ ಮನೋವಿಜ್ಞಾನಿ ಮೇರಿ ಐನ್ಸ್‌ವರ್ತ್, ಅಂಬೆಗಾಲಿಡುವ ಕೂಸು ತಾಯಿಯ ಮಡಿಲಿನಿಂದ ಇಳಿದು ಒಂದಿಷ್ಟು ದೂರ ಹೋಗಿ, ತಾಯಿ ಅಲ್ಲೇ ಇದ್ದಾಳೆಂದು ಖಾತ್ರಿಯಾದರೆ ಇನ್ನಷ್ಟು ದೂರ ಹೋಗುವುದನ್ನು ಕಂಡರು. ತಾಯಿಯನ್ನು ಕೂಸಿನ ಸುರಕ್ಷಿತ ನೆಲೆಯೆಂದು ಅವರು ಕರೆದರು. ನಿಮ್ಮ ಮಗ ಅಂಗಳ ದಾಟಿ ಹುಬ್ಬಳ್ಳಿಯವರೆಗೆ ಹೋಗಿದ್ದಾನೆ. ಅಷ್ಟು ಗಟ್ಟಿಯಾದ ನೆಲೆ ನೀವು ಅವನಿಗೆ ಆಗಿದ್ದೀರಿ.

ಮಗನ ಮಾತು ಇಲ್ಲಿಗೆ ಸಾಕು. ನನ್ನನ್ನು ಕಾಡಿದ ಸಾಲು ಮೂರನೆಯ ಪುಟದ ಕೆಳಗೆ, ಬೇರೆ ಮಾತುಗಳ ನಡುವೆ ಇದೆ: “ನಾನೇ ಹೋಗಿ ನೋಡಿಕೊಂಡು ಬರೋಣವೆಂದರೆ ಒಬ್ಬಳೇ ಬಸ್ ಹತ್ತಿ ರೂಢಿಯಿಲ್ಲ.” ಅದೇ ಪತ್ರದ ಮೊದಲ ಪುಟದಲ್ಲಿ, ಲಗ್ನಕ್ಕೆ ಮುಂಚೆ ಎರಡು ವರ್ಷ ಹಳ್ಳಿಯಿಂದ ರೋಣಕ್ಕೆ ದಿನವೂ ಬಸ್ಸಿನಲ್ಲಿ ಕಾಲೇಜಿಗೆ ಹೋಗುತ್ತಿದ್ದೆ ಎಂದು ನೀವೇ ಬರೆದಿದ್ದೀರಿ. ಹದಿನೇಳರ ಹುಡುಗಿಗೆ ಇದ್ದ ರೂಢಿ ನಲವತ್ತಾರರ ಹೆಂಗಸಿಗೆ ಇಲ್ಲವಾದದ್ದು ಹೇಗೆ?

ಅದಕ್ಕೂ ನಿಮ್ಮ ಪತ್ರದಲ್ಲೇ ಉತ್ತರವಿದೆ. ಲಗ್ನವಾದ ಹೊಸದರಲ್ಲಿ ತವರಿಗೆ ಒಬ್ಬಳೇ ಹೋಗಿ ಬರುತ್ತೇನೆಂದಾಗ ನಿಮ್ಮ ಮನೆಯವರು “ನಿನಗೇನ್ ತಿಳೀತದ, ತಡಿ, ನಾನ ಬರ್ತೀನಿ” ಎಂದರು. ಅಂದಿನಿಂದ ಇಪ್ಪತ್ತೇಳು ವರ್ಷ ಅವರಿಗೆ ಅಂಗಡಿ ಬಿಡಲು ಆಗಿಲ್ಲ, ನೀವು ತಡೆದೇ ಇದ್ದೀರಿ. ಅವರು ಒಳ್ಳೆಯವರು, ಒಂದು ದಿನ ಕೈ ಎತ್ತಿದವರಲ್ಲ ಎಂದು ಬರೆದಿದ್ದೀರಿ. ಇರಬಹುದು. ಆದರೂ ಈ ಪ್ರಕರಣದಲ್ಲಿ ನನ್ನ ಸಿಟ್ಟೆಲ್ಲ ಅವರ ಮೇಲೆಯೇ ಇದೆ, ಮತ್ತು ಅದನ್ನು ಮೆತ್ತಗೆ ಮಾಡಿ ಹೇಳುವ ಮನಸ್ಸು ನನಗಿಲ್ಲ. ನಿಮ್ಮ ಕಾಲನ್ನು ಕಟ್ಟಿಹಾಕಿದವರೇ ಈಗ ಕಾಯಿಲೆಯ ಸುಳ್ಳು ಹೇಳಿಸಿ ಮಗನ ಕಾಲನ್ನೂ ಕಟ್ಟಲು ಹೊರಟಿದ್ದಾರೆ.

ಹುಟ್ಟಿನಿಂದ ಮುಪ್ಪಿನವರೆಗಿನ ಬೆಳವಣಿಗೆಯನ್ನು ಎಂಟು ಘಟ್ಟಗಳಾಗಿ 1950ರಲ್ಲಿ ವಿವರಿಸಿದ ಮನೋವಿಶ್ಲೇಷಕ ಎರಿಕ್ ಎರಿಕ್ಸನ್, ಎರಡು-ಮೂರು ವರ್ಷದ ಮಗು “ನಾನೇ ಮಾಡ್ತೀನಿ” ಎಂದು ಹಟ ಹಿಡಿಯುವುದನ್ನು ಎರಡನೆಯ ಘಟ್ಟವಾಗಿ ಇಟ್ಟರು. ಆಗ ದೊಡ್ಡವರು ಪ್ರತಿ ಸಲವೂ ಕೈಯಿಂದ ಕಸಿದುಕೊಂಡು ತಾವೇ ಮಾಡಿಬಿಟ್ಟರೆ, ಮಗುವಿನಲ್ಲಿ ನಾಚಿಕೆಯೂ ತನ್ನ ಶಕ್ತಿಯ ಬಗ್ಗೆಯೇ ಸಂಶಯವೂ ಬೇರೂರುತ್ತವೆ. ಆ ಸಂಶಯ ಎಳವೆಯಲ್ಲಿ ಮಾತ್ರ ಹುಟ್ಟುತ್ತದೆಂದು ನಾನು ನಂಬುವುದಿಲ್ಲ; ಹತ್ತೊಂಬತ್ತರ ಸೊಸೆಯ ಕೈಯಿಂದ ಕಸಿದುಕೊಂಡರೂ ಅದೇ ಆಗುತ್ತದೆ. ಒಂದು ಘಟ್ಟದಲ್ಲಿ ಕೈತಪ್ಪಿದ್ದನ್ನು ಮುಂದೆ ಮರಳಿ ಗಳಿಸಿಕೊಳ್ಳಬಹುದೆಂದು ಎರಿಕ್ಸನ್ನರೂ ತಿಳಿದಿದ್ದರು. ಈ ಅಂಕಣದಲ್ಲಿ ಅನೇಕ ಸಲ ಬರೆದ ಮಾತನ್ನು ಮತ್ತೆ ಬರೆಯುತ್ತೇನೆ: ಹೆಂಗಸು ಜೊತೆಯಿಲ್ಲದೆ ಊರು ದಾಟಲಾರದ ಮನೆಯಲ್ಲಿ, ಮಕ್ಕಳು ದೂರ ಹೋಗುವುದು ದ್ರೋಹದಂತೆ ಕಾಣುತ್ತದೆ.

ಆದ್ದರಿಂದ ನಾನು ಹೇಳುವುದು ಒಂದೇ ಕೆಲಸ. ಬರುವ ಬುಧವಾರ ಬೆಳಿಗ್ಗೆ ಒಬ್ಬರೇ ಹುಬ್ಬಳ್ಳಿ ಬಸ್ ಹತ್ತಿರಿ. 2023ರ ಜೂನ್ 11ರಿಂದ ಶಕ್ತಿ ಯೋಜನೆಯಿದೆ. ಆಧಾರ್ ತೋರಿಸಿದರೆ ಕಂಡಕ್ಟರ್ ಶೂನ್ಯ ಟಿಕೆಟ್ ಕೊಡುತ್ತಾರೆ, ಅದಕ್ಕಾಗಿ ಯಾರ ಹತ್ತಿರವೂ ದುಡ್ಡು ಕೇಳಬೇಕಾಗಿಲ್ಲ. ಅರವತ್ತು ಕಿಲೋಮೀಟರ್ ಒಳಗಿನ ದಾರಿ, ಹುಲಕೋಟಿ, ಅಣ್ಣಿಗೇರಿ ದಾಟಿದರೆ ಹೆಚ್ಚುಕಡಿಮೆ ಅರ್ಧ ಮುಗಿದಂತೆ. ಮನೆಯವರ ಅಪ್ಪಣೆ ಕೇಳಬೇಡಿ. ಹೋಗುವ ಹೊತ್ತು, ಬರುವ ಹೊತ್ತು ತಿಳಿಸಿ ಹೊರಡಿ. ಮಗನ ರೂಮಿಗೆ ಈ ಸಲ ಹೋಗಬೇಡಿ, ಅವನಿಗೆ ಗಂಟು ಕಟ್ಟಿಕೊಂಡೂ ಹೋಗಬೇಡಿ. ಅಲ್ಲಿನ ದುರ್ಗದಬೈಲು ಪೇಟೆಗೆ ಹೋಗಿ, ನಿಮಗೆ ಬೇಕೆನಿಸಿದ ಒಂದು ವಸ್ತುವನ್ನು ನಿಮಗಾಗಿ ಕೊಂಡು, ಹೊಟ್ಟೆತುಂಬ ಉಂಡು, ದೀಪ ಹಚ್ಚುವ ಹೊತ್ತಿಗೆ ಮನೆಗೆ ಬನ್ನಿ.

ಆ ರಾತ್ರಿ ಮಗ ಫೋನ್ ಮಾಡಿದಾಗ, ಯಾವಾಗ ಬರುತ್ತೀ ಎಂದು ಕೇಳದೆ, ದುರ್ಗದಬೈಲಿನಲ್ಲಿ ಏನು ಕೊಂಡಿರಿ ಎಂಬುದನ್ನು ಅವನಿಗೆ ಹೇಳಿ.