ಓದುಗರ ಪ್ರಶ್ನೆ: ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟರು ಒಬ್ಬರಿಂದೊಬ್ಬರು ಕಲಿಯುವುದು ಹೇಗೆ?

ಪ್ರಶ್ನೆ: ನಾವು ಕೆಲವು ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟರು (ಉದ್ಯಾನ, ಹೊರಾಂಗಣಗಳ ವಿನ್ಯಾಸ ಮಾಡುವವರು) ತಿಂಗಳಿಗೊಮ್ಮೆ ಸೇರುತ್ತೇವೆ. ಒಬ್ಬರು ಸ್ಲೈಡ್ ತೋರಿಸುತ್ತಾರೆ, ಉಳಿದವರು ಕೇಳುತ್ತಾರೆ. ಬರುವವರ ಸಂಖ್ಯೆ ಇಳಿಯುತ್ತಿದೆ. ಏನು ಬದಲಿಸಬೇಕು?

ಸಭೆಯನ್ನು ಸೈಟಿಗೆ ಒಯ್ಯಿರಿ. ಸ್ಲೈಡಿನಲ್ಲಿ ಕಾಣುವುದು ಹೆಚ್ಚಾಗಿ ಕೆಲಸ ಒಪ್ಪಿಸಿದ ಹೊಸತರಲ್ಲಿ ತೆಗೆದ ಫೋಟೊ; ಆಗ ಎಲ್ಲ ಗಿಡವೂ ಹಸಿರಾಗಿಯೇ ಇರುತ್ತದೆ. ವಿನ್ಯಾಸ ಸರಿಯಿತ್ತೇ ಎಂಬುದು ತಿಳಿಯುವುದು ಗುತ್ತಿಗೆದಾರರ ನಿರ್ವಹಣಾ ಅವಧಿ ಮುಗಿದ ಮೇಲೆ. ಆದ್ದರಿಂದ ನೆಟ್ಟು ಎರಡು–ಮೂರು ವರ್ಷವಾದ ಜಾಗವನ್ನೇ ಆರಿಸಿ. ನೆಲದ ಏರಿಳಿತ ತೋರಿಸುವ ಗ್ರೇಡಿಂಗ್ ನಕ್ಷೆ, ಗಿಡ ನೆಡುವ ನಕ್ಷೆ, ಸ್ಪೆಸಿಫಿಕೇಶನ್ನಿನಲ್ಲಿ (ಕೆಲಸ ಹೇಗಿರಬೇಕೆಂದು ಗುತ್ತಿಗೆದಾರರಿಗೆ ಬರೆದುಕೊಡುವ ಷರತ್ತುಗಳಲ್ಲಿ) ಮಣ್ಣಿನ ಬಗ್ಗೆ ಇರುವ ಪುಟಗಳು, ಗುದ್ದಲಿ, ಟೇಪು, ಮಣ್ಣಿಗೆ ಚುಚ್ಚಿ ಅದರ ಗಟ್ಟಿತನ ಅಳೆಯುವ ಪೆನೆಟ್ರೋಮೀಟರ್ ಜೊತೆಗಿರಲಿ. ಎಂಟು–ಹತ್ತು ಜನ ಸಾಕು. ಹೆಚ್ಚಾದರೆ ಅಗೆದ ಗುಂಡಿಯೊಳಗೆ ಏನಿದೆ ಎಂದು ಅರ್ಧ ಜನಕ್ಕೆ ಕಾಣುವುದೇ ಇಲ್ಲ.

ಮೊದಲ ಇಪ್ಪತ್ತು ನಿಮಿಷ ವಿನ್ಯಾಸ ಮಾಡಿದವರು ಬಾಯಿ ಬಿಡಬಾರದು. ಅವರು ವಿವರಿಸಿಬಿಟ್ಟರೆ ಎಲ್ಲರೂ ಅದನ್ನಷ್ಟೇ ನೋಡುತ್ತಾರೆ. ಒಬ್ಬೊಬ್ಬರಾಗಿ ಸುತ್ತಿ ಬರೆದುಕೊಳ್ಳಲಿ, ಆಮೇಲೆ ಉದ್ದೇಶ ಕೇಳಿ, ಆಮೇಲೆ ಅಗೆಯಿರಿ.

ಮರದ ಬುಡದಿಂದ ಶುರುಮಾಡಿ. ಕಾಂಡ ಅಗಲಗೊಂಡು ಬೇರಾಗುವ ಭಾಗ ನೆಲದ ಮೇಲೆ ಕಾಣಬೇಕು. ಕಂಬ ಹೂತಂತೆ ನೇರವಾಗಿ ಮಣ್ಣಿಗಿಳಿದಿದ್ದರೆ ಆಳವಾಗಿ ನೆಟ್ಟಿರಬೇಕು, ಇಲ್ಲವೇ ಮೇಲೆ ಮಣ್ಣೋ ಮಲ್ಚೋ (ನೆಲ ಮುಚ್ಚಲು ಹರಡುವ ಎಲೆ, ತೊಗಟೆಯ ಹೊದಿಕೆ) ಏರಿಸಿರಬೇಕು. ಅಂಥ ಕಡೆ ಬೇರಿಗೆ ಗಾಳಿ ಸಾಲದು. ಕಾಂಡವನ್ನೇ ಸುತ್ತಿ ಬಿಗಿಯುವ ಬೇರುಗಳೂ ಹುಟ್ಟುತ್ತವೆ. ಪೆನೆಟ್ರೋಮೀಟರ್ ತೋರಿಸುವ ಒತ್ತಡ 2 ಮೆಗಾಪಾಸ್ಕಲ್, ಅಂದರೆ ಸುಮಾರು 300 ಪಿಎಸ್‌ಐ ದಾಟಿದಲ್ಲಿ ಹೆಚ್ಚಿನ ಗಿಡಗಳ ಬೇರು ಮುಂದೆ ಹೋಗಲು ತಿಣುಕುತ್ತದೆ. ಆದರೆ ಒಣ ನೆಲದಲ್ಲಿ ಇದನ್ನು ಅಳೆಯಬೇಡಿ, ಅಲ್ಲಿ ಒಳ್ಳೆಯ ಮಣ್ಣೂ ಗಟ್ಟಿ ಎಂದೇ ತೋರುತ್ತದೆ. ಚೆನ್ನಾಗಿ ನೆನೆದು ಒಂದೆರಡು ದಿನ ಬಸಿದ ಮಣ್ಣಿನ ಅಂಕಿಯನ್ನಷ್ಟೇ ನಂಬಿ.

ಮಳೆನೀರು ಇಂಗಿಸಲೆಂದು ಮಾಡಿದ ಪಾತಿಯಲ್ಲಿ 48 ಗಂಟೆ ಕಳೆದರೂ ನೀರು ನಿಂತಿದ್ದರೆ ಕಾರಣವನ್ನು ಅಲ್ಲೇ ಹುಡುಕಿ. ಅಗೆದ ತಳದ ಮೇಲೆ ಯಂತ್ರ ಓಡಾಡಿ ಮಣ್ಣು ಗಟ್ಟಿಯಾಗಿರಬಹುದು, ನಿರ್ಮಾಣದ ವೇಳೆ ಹರಿದುಬಂದ ಹೂಳು ಮೇಲ್ಪದರ ಮುಚ್ಚಿರಬಹುದು. ಇಂಗುವಿಕೆ ಅಳೆಯಲು ಒಂದರೊಳಗೊಂದು ಇಡುವ ಎರಡು ಉಂಗುರ ಬೇಕು: ಹೊರ ಉಂಗುರದ ನೀರು ಪಕ್ಕಕ್ಕೂ ಹರಿಯುತ್ತದೆ, ಒಳಗಿನದು ಬಹುಪಾಲು ನೇರ ಕೆಳಗಿಳಿಯುತ್ತದೆ. ಆ ಒಳ ಉಂಗುರದ ಅಂಕಿ ನಿಮಗೆ ಬೇಕಾದದ್ದು.

ಕೊನೆಗೆ ಒಂದೇ ಪುಟ ಬರೆಯಿರಿ: ಏನು ಬಯಸಿದ್ದೆವು, ಏನಾಗಿದೆ, ತಪ್ಪು ನಕ್ಷೆಯದೋ ಸ್ಪೆಸಿಫಿಕೇಶನ್ನಿನದೋ ಮೇಲ್ವಿಚಾರಣೆಯದೋ, ಮುಂದಿನ ಯೋಜನೆಯಲ್ಲಿ ಯಾವ ವಾಕ್ಯ ಬದಲಾಗಬೇಕು. ‘ಮಣ್ಣು ಸಡಿಲವಾಗಿರಬೇಕು’ ಎಂದು ಬರೆದರೆ ಗುತ್ತಿಗೆದಾರರನ್ನು ಯಾವುದಕ್ಕೂ ಹಿಡಿಯಲಾಗದು. ‘ಅಗೆದ ತಳದ ಮೇಲೆ ಯಂತ್ರ ಓಡಬಾರದು, ಮಣ್ಣು ತುಂಬುವ ಮೊದಲು ತಳವನ್ನು 30 ಸೆಂ.ಮೀ. ಆಳ ಸಡಿಲಿಸಿ, ಇಂಗುವಿಕೆ ಅಳೆದು ತೋರಿಸಬೇಕು’ ಎಂದರೆ ಪರೀಕ್ಷಿಸಿ ನೋಡಬಹುದು. ಇಂಥ ಹತ್ತು ವಾಕ್ಯ ಒಟ್ಟಾದರೆ ಗುಂಪಿನ ಎಲ್ಲ ಕಚೇರಿಗಳ ಕೆಲಸವೂ ಸುಧಾರಿಸುತ್ತದೆ. ಜನ ಮತ್ತೆ ಬರುವುದು ಇದಕ್ಕಾಗಿಯೇ.

ಪ್ರಶ್ನೆ: ನಮ್ಮ ಗುಂಪಿನ ಸಂಚಾಲಕರು ವರ್ಷಗಳಿಂದ ಒಬ್ಬರೇ. ಅವರು ದಣಿದಿದ್ದಾರೆ, ಬೇರೆ ಯಾರೂ ಮುಂದೆ ಬರುತ್ತಿಲ್ಲ.

ಕೆಲಸಕ್ಕೆ ಕೊನೆಯೇ ಕಾಣದಿದ್ದಾಗ ಯಾರೂ ಹೆಗಲು ಕೊಡುವುದಿಲ್ಲ. ಹೊಣೆಯನ್ನು ಮೂರು ವರ್ಷಕ್ಕೆ ಕಟ್ಟಿಹಾಕಿ: ಮೊದಲ ವರ್ಷ ಸಹಸಂಚಾಲಕ, ಎರಡನೆಯ ವರ್ಷ ಸಂಚಾಲಕ, ಮೂರನೆಯ ವರ್ಷ ಸಲಹೆಗಾರ. ಆಮೇಲೆ ಬಿಡುಗಡೆ. ಹೀಗೆ ಮಾಡಿದರೆ ಯಾವ ವರ್ಷವೂ ಎಲ್ಲರೂ ಹೊಸಬರಾಗಿರುವುದಿಲ್ಲ. ಸ್ಥಳ ಗೊತ್ತುಮಾಡುವುದು, ಅನುಮತಿ ಪಡೆಯುವುದು, ಒಂದು ಪುಟದ ಟಿಪ್ಪಣಿ ಬರೆಯುವುದು, ಇವನ್ನು ಬೇರೆ ಬೇರೆಯವರಿಗೆ ಕೊಡಿ. ತಿಂಗಳಿಗೆ ಎಷ್ಟು ಗಂಟೆ ಬೇಕಾದೀತು ಎಂದೂ ಮೊದಲೇ ಹೇಳಿ. ‘ಯಾರಾದರೂ ಬನ್ನಿ’ ಎಂಬ ಕರೆಗೆ ಉತ್ತರ ಬರುವುದು ಅಪರೂಪ. ವ್ಯಕ್ತಿಯನ್ನೇ ಹೆಸರು ಹಿಡಿದು ಕೇಳಿ, ಅವರನ್ನೇ ಯಾಕೆ ಕೇಳುತ್ತಿದ್ದೀರಿ ಎಂದೂ ಹೇಳಿ. ಇಮೇಲ್, ಕಡತ, ಪಾಸ್‌ವರ್ಡ್ ಗುಂಪಿನ ಹೆಸರಿನಲ್ಲಿರಲಿ. ಅವು ಒಬ್ಬರ ಸ್ವಂತ ಖಾತೆಯಲ್ಲಿದ್ದರೆ ಅವರು ಹೋದ ದಿನವೇ ಹಳೆಯ ಟಿಪ್ಪಣಿಗಳೂ ಹೋಗುತ್ತವೆ.

ಗುಂಪು ದೊಡ್ಡದಾದರೆ ಊರಿನ ಲೆಕ್ಕಕ್ಕಿಂತ ವಿಷಯದ ಲೆಕ್ಕದಲ್ಲಿ ಒಡೆಯುವುದು ಮೇಲು. 1899ರಲ್ಲಿ ಹುಟ್ಟಿದ ಅಮೆರಿಕದ ಲ್ಯಾಂಡ್‌ಸ್ಕೇಪ್ ಆರ್ಕಿಟೆಕ್ಟರ ಸಂಘದಲ್ಲಿ ಮಕ್ಕಳ ಹೊರಾಂಗಣ, ಪಾರಂಪರಿಕ ಭೂದೃಶ್ಯಗಳ ಸಂರಕ್ಷಣೆ, ಆಸ್ಪತ್ರೆಗಳ ತೋಟ, ಹೀಗೆ ವಿಷಯವಾರು ಜಾಲಗಳಿವೆ, ನಡೆಸುವವರು ಸ್ವಯಂಸೇವಕರು. ಪರಿಣತಿ ಒಂದೇ ಆದಾಗ ಮಾತು ಪೀಠಿಕೆಯಲ್ಲೇ ಮುಗಿಯುವುದಿಲ್ಲ.

ಪ್ರಶ್ನೆ: ಸಾಮಗ್ರಿ ತಯಾರಕರು ಉಪನ್ಯಾಸ ಕೊಡುತ್ತೇವೆ, ಖರ್ಚನ್ನೂ ಭರಿಸುತ್ತೇವೆ ಎನ್ನುತ್ತಾರೆ. ಒಪ್ಪಬಹುದೇ?

ವಿಷಯ ಆರಿಸುವ ಹಕ್ಕನ್ನು ಕೊಡಬೇಡಿ. ಸದಸ್ಯರೊಬ್ಬರು ಆ ಸಾಮಗ್ರಿ ಎಲ್ಲಿ ಕೈಕೊಟ್ಟಿತು ಎಂದು ತೋರಿಸಿದ ಮೇಲೆ ಉತ್ತರಿಸಲು ಕರೆಯಿರಿ. ಹಣ ಪಡೆದಿದ್ದರೆ ಸಭೆಯ ಆರಂಭದಲ್ಲೇ ತಿಳಿಸಿ.

ಪ್ರಶ್ನೆ: ಸೋತ ಕೆಲಸ ತೋರಿಸಲು ಕಿರಿಯರು ಹೆದರುತ್ತಾರೆ. ಗ್ರಾಹಕರ ಗೋಪ್ಯತೆಯ ಪ್ರಶ್ನೆಯೂ ಇದೆ.

ಮೊದಲ ಸೋಲನ್ನು ಅತಿ ಹಿರಿಯರು ತೋರಿಸಲಿ. ಚರ್ಚೆಯಲ್ಲಿ ಮಾತ್ರ ಕಿರಿಯರು ಮೊದಲು, ಹಿರಿಯರು ಕೊನೆಗೆ. ತಿರುಗುಮುರುಗಾದರೆ ಉಳಿದವರು ತಲೆಯಾಡಿಸಿ ಸುಮ್ಮನಾಗುತ್ತಾರೆ. ಭೇಟಿಗೂ ಫೋಟೊಗೂ ಮಾಲೀಕರ ಲಿಖಿತ ಒಪ್ಪಿಗೆ ಪಡೆಯಿರಿ. ವ್ಯಾಜ್ಯ ನಡೆಯುತ್ತಿರುವ ಜಾಗ ಬೇಡ. ಗುಂಪಿನಲ್ಲಿ ಶುಲ್ಕದ ದರ ಚರ್ಚಿಸಬೇಡಿ: ಪೈಪೋಟಿಯಲ್ಲಿರುವ ಕಚೇರಿಗಳು ದರ ಹೊಂದಿಸಿಕೊಳ್ಳುವುದು ಅನೇಕ ದೇಶಗಳ ಸ್ಪರ್ಧಾ ಕಾನೂನಿಗೆ ವಿರುದ್ಧ, ಸ್ನೇಹದ ಹರಟೆಯೂ ಸಾಕ್ಷ್ಯವಾಗಬಹುದು.