ಸಂಗೀತವನ್ನೂ ಬಿಡಬೇಡಿ, ಮನಶ್ಶಾಸ್ತ್ರವನ್ನೂ ಬಿಡಬೇಡಿ

ಧಾರವಾಡದ ಓದುಗರೊಬ್ಬರ ಪತ್ರ: "ಮನಶ್ಶಾಸ್ತ್ರ ತೆಗೆದುಕೊಂಡು ಬಿ.ಎ. ಕೊನೆಯ ವರ್ಷದಲ್ಲಿದ್ದೇನೆ. ಹತ್ತು ವರ್ಷದಿಂದ ಹಿಂದೂಸ್ತಾನಿ ಗಾಯನ ಕಲಿಯುತ್ತಿದ್ದೇನೆ. ಎರಡನ್ನೂ ಸೇರಿಸಿ ಸ್ನಾತಕೋತ್ತರ ಓದು ಮಾಡಲು ಆಗುತ್ತದಾ? ಯಾವ ರಾಗ ಯಾವ ಕಾಯಿಲೆಗೆ ಒಳ್ಳೆಯದು ಅಂತ ಸಂಶೋಧನೆ ಮಾಡುವ ಆಸೆ ಇದೆ. ಅಪ್ಪ ಸಂಗೀತ ಕಲಿತವರಲ್ಲ, ಅವರು ಮಾತ್ರ 'ಎರಡು ದೋಣಿ ಮೇಲೆ ಕಾಲಿಡಬೇಡ, ಒಂದನ್ನ ಹಿಡಿ' ಅಂತಾರೆ."

ಸಂಪಾದಕರ ಉತ್ತರ:

ನಿಮ್ಮ ಪತ್ರ ಓದಿ ಖುಷಿಯಾಯಿತು. ನೀವು ಎರಡು ದೋಣಿ ಅಂದುಕೊಂಡಿದ್ದು ಒಂದೇ ದೋಣಿ. ಅದಕ್ಕೆ ಸಂಗೀತ ಮನೋವಿಜ್ಞಾನ ಅಂತ ಹೆಸರು, ವಯಸ್ಸು ನೂರಕ್ಕೂ ಜಾಸ್ತಿ. ಜರ್ಮನಿಯ ವಿಜ್ಞಾನಿ ಹೆಲ್ಮ್‌ಹೋಲ್ಟ್ಸ್ 1863ರಲ್ಲೇ ಕಿವಿಗೆ ಸ್ವರ ಹೇಗೆ ತಿಳಿಯುತ್ತದೆ ಅಂತ ದೊಡ್ಡ ಪುಸ್ತಕ ಬರೆದಿದ್ದರು. ಅಮೆರಿಕದ ಐಯೊವಾದಲ್ಲಿ ಕಾರ್ಲ್ ಸೀಶೋರ್ 1919ರಲ್ಲಿ ಸಂಗೀತದ ಪ್ರತಿಭೆ ಅಳೆಯುವ ಪರೀಕ್ಷೆಗಳನ್ನು ಹೊರತಂದಿದ್ದರು. ಹಾಗಾಗಿ ಅಪ್ಪನಿಗೆ ಧೈರ್ಯವಾಗಿ ಹೇಳಿ, ಇದು ನಿನ್ನೆ ಮೊನ್ನೆ ಹುಟ್ಟಿದ ವಿಷಯ ಅಲ್ಲ.

ಆದರೆ ರಾಗ ಮತ್ತು ಕಾಯಿಲೆಯ ಮಾತಿಗೆ ಮೊದಲು ಬರುತ್ತೇನೆ. ನಿಮ್ಮ ಆಸೆ ದೊಡ್ಡದು, ಅದರಲ್ಲಿ ತಪ್ಪಿಲ್ಲ. ಪ್ರಶ್ನೆ ಮಾತ್ರ ತೀರಾ ದೊಡ್ಡದಾಯಿತು. ಈ ಓದಿನಲ್ಲಿ ಕಲಿಯುವ ಮುಖ್ಯ ಕೆಲಸ ಅಂದರೆ ದೊಡ್ಡ ಪ್ರಶ್ನೆಯನ್ನು ಉತ್ತರ ಸಿಗುವಷ್ಟು ಚಿಕ್ಕದು ಮಾಡುವುದು.

ನನ್ನ ಮನೆಯದ್ದೇ ಒಂದು ಸಂಗತಿ ಹೇಳುತ್ತೇನೆ. ನಮ್ಮ ದೊಡ್ಡಪ್ಪನಿಗೆ ಲಕ್ವಾ ಹೊಡೆದು ಬಲಗೈ, ಬಲಗಾಲು ಬಿದ್ದುಹೋಯಿತು. ಮಾತೂ ಹೋಯಿತು. ಬಾಯಾರಿದರೆ "ನೀರು" ಅನ್ನಲು ಬರುತ್ತಿರಲಿಲ್ಲ, ಲೋಟದ ಕಡೆ ಬೆರಳು ತೋರಿಸುತ್ತಿದ್ದರು. ಒಂದು ಸಂಜೆ ದೊಡ್ಡಮ್ಮ ದೀಪ ಹಚ್ಚಿ ದಿನಾ ಹೇಳುವ ದಾಸರ ಪದ ಶುರುಮಾಡಿದರು. ಎರಡನೇ ಸಾಲಿಗೆ ದೊಡ್ಡಪ್ಪ ದನಿಗೂಡಿಸಿದರು. ಪಲ್ಲವಿ ಪೂರ್ತಿ, ಒಂದಕ್ಷರ ತಪ್ಪಲಿಲ್ಲ. ದೊಡ್ಡಮ್ಮ ಹಾಡು ನಿಲ್ಲಿಸಿ ಅವರ ಮುಖ ನೋಡಿದರು. ಹಾಡು ನಿಂತ ಕೂಡಲೇ ಅವರ ಮಾತೂ ನಿಂತಿತು, ಮತ್ತೆ ಬರೀ "ಹಾಂ, ಹಾಂ". ಅವತ್ತಿನಿಂದ ಎಷ್ಟೋ ವರ್ಷ ನಾನು ಎಲ್ಲರಿಗೂ ಹೇಳಿಕೊಂಡು ಬಂದೆ: ನೋಡಿ, ರಾಗದ ಶಕ್ತಿ ಅಂದರೆ ಇದು.

ಆಮೇಲೆ 2011ರಲ್ಲಿ ಪ್ರಕಟವಾದ ಒಂದು ಜರ್ಮನ್ ಅಧ್ಯಯನ ಓದಿದೆ. ಹೀಗೇ ಮಾತು ಕಳೆದುಕೊಂಡ 17 ಮಂದಿಯನ್ನು ಕೂರಿಸಿಕೊಂಡು, ಒಂದು ಸಲ ಧಾಟಿಯಲ್ಲಿ ಹಾಡಿಸಿದರು, ಇನ್ನೊಂದು ಸಲ ಧಾಟಿ ಇಲ್ಲದೆ ಬರೀ ಲಯಕ್ಕೆ ಹೇಳಿಸಿದರು. ಗೊತ್ತಿರುವ ಸಾಲುಗಳನ್ನೂ ಕೊಟ್ಟರು, ಹೊಸ ಸಾಲುಗಳನ್ನೂ ಕೊಟ್ಟರು. ಹಾಡಿದ್ದಕ್ಕೂ ಲಯಕ್ಕೆ ಹೇಳಿದ್ದಕ್ಕೂ ಅಂಥ ವ್ಯತ್ಯಾಸ ಕಾಣಲಿಲ್ಲ. ಕೆಲಸ ಮಾಡಿದ್ದು ಲಯ, ಮತ್ತು ಬಾಯಿಪಾಠವಾಗಿದ್ದ ಸಾಲುಗಳು. ಓದಿ ಸುಮ್ಮನೆ ಕೂತುಬಿಟ್ಟೆ. ಯಾಕೆಂದರೆ ಆಗ ನೆನಪಾಯಿತು, ಅವತ್ತು ಸಂಜೆ ದೊಡ್ಡಪ್ಪನ ಎಡಗೈ ತೊಡೆಯ ಮೇಲೆ ತಾಳ ಹಾಕುತ್ತಿತ್ತು. ಕಣ್ಣೆದುರಿಗೇ ಇತ್ತು. ನಾನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

ಧಾಟಿ, ಲಯ, ನೆನಪು ಈ ಮೂರೂ ಒಟ್ಟಿಗೇ ಬರುತ್ತವೆ, ಅಲ್ವಾ? ಅವನ್ನು ಬಿಡಿಸಿ ಬೇರೆ ಬೇರೆಯಾಗಿ ನೋಡಲು ಕಲಿಸುವುದೇ ಈ ವಿಷಯ. ಹಾಗೆ ಬಿಡಿಸಿದರೆ ಸಂಗೀತದ ಮೇಲಿನ ಪ್ರೀತಿ ಕಡಿಮೆಯಾಗುತ್ತದೆ ಅಂತ ಭಯ ಬೇಡ. ನನಗಂತೂ ಆ ಸಂಜೆ ಮೊದಲಿಗಿಂತ ಈಗ ಜಾಸ್ತಿ ಅರ್ಥವಾಗಿದೆ.

ಬಿಡಿಸಿ ನೋಡದೆ ಅವಸರ ಮಾಡಿದರೆ ಏನಾಗುತ್ತದೆ ಅನ್ನುವುದಕ್ಕೆ ಪಾಶ್ಚಾತ್ಯ ಸಂಗೀತಕಾರ ಮೊಜಾರ್ಟ್‌ನ ಹೆಸರಿನ ಒಂದು ಕಥೆ ಇದೆ. 1993ರಲ್ಲಿ 36 ಕಾಲೇಜು ವಿದ್ಯಾರ್ಥಿಗಳಿಗೆ ಹತ್ತು ನಿಮಿಷ ಮೊಜಾರ್ಟ್ ಸಂಗೀತ ಕೇಳಿಸಿ ಒಂದು ಪರೀಕ್ಷೆ ಕೊಟ್ಟರು. ಅಂಕ ಸ್ವಲ್ಪ ಏರಿತು, ಆ ಪರಿಣಾಮ ಕಾಲು ಗಂಟೆಯಲ್ಲಿ ಇಳಿಯಿತು. ಸುದ್ದಿ ಮಾತ್ರ ಇಳಿಯಲಿಲ್ಲ. 1998ರಲ್ಲಿ ಅಮೆರಿಕದ ಜಾರ್ಜಿಯಾ ರಾಜ್ಯದ ಗವರ್ನರ್, ಹುಟ್ಟುವ ಪ್ರತಿ ಮಗುವಿಗೂ ಸಂಗೀತದ ಸಿ.ಡಿ. ಕೊಡಲು ಬಜೆಟ್‌ನಲ್ಲಿ 1,05,000 ಡಾಲರ್ ಕೇಳಿದರು. ಬೇರೆಯವರು ಮತ್ತೆ ಪ್ರಯೋಗ ಮಾಡಿ ನೋಡಿದಾಗ, ಕಥೆ ಇಷ್ಟಪಡುವವರಿಗೆ ಕಥೆ ಕೇಳಿಸಿದರೂ ಅಂಕ ಅಷ್ಟೇ ಏರುತ್ತಿತ್ತು. ಮನಸ್ಸು ಚುರುಕಾದರೆ ಸಾಕಿತ್ತು. "ಈ ರಾಗ ಕೇಳಿದರೆ ಬಿ.ಪಿ. ಇಳಿಯುತ್ತದೆ" ಅಂತ ಮೊಬೈಲಿಗೆ ಬರುವ ಪಟ್ಟಿಗಳನ್ನೂ ನೀವು ಇದೇ ಕಣ್ಣಿಂದ ನೋಡಬೇಕು. ಇಳಿದಿದ್ದು ರಾಗದಿಂದಲಾ, ವಿಳಂಬಿತ ಅಂದರೆ ನಿಧಾನ ಲಯದಿಂದಲಾ, ಕಣ್ಣು ಮುಚ್ಚಿ ಇಪ್ಪತ್ತು ನಿಮಿಷ ಕೂತಿದ್ದರಿಂದಲಾ?

ಹಾಗಾದರೆ ರಾಗಗಳ ಬಗ್ಗೆ ಯಾರೂ ಗಟ್ಟಿ ಕೆಲಸ ಮಾಡಿಲ್ಲವಾ? ಮಾಡಿದ್ದಾರೆ. 1984ರ ಒಂದು ಪ್ರಯೋಗವನ್ನಂತೂ ನೀವು ಮನೆಯಲ್ಲೇ ಸಣ್ಣದಾಗಿ ಮಾಡಿ ನೋಡಬಹುದು. ಅದನ್ನು ಮಾಡಿದವರು ಕಾಸ್ಟೆಲಾನೊ, ಜಮ್ಷೆಡ್ ಭರೂಚಾ ಮತ್ತು ಕ್ಯಾರಲ್ ಕ್ರುಮ್‌ಹಾನ್ಸಲ್. ಉತ್ತರ ಭಾರತದ ಹತ್ತು ರಾಗಗಳನ್ನು ಭಾರತೀಯರಿಗೂ ಪಾಶ್ಚಾತ್ಯರಿಗೂ ಕೇಳಿಸಿದರು. ರಾಗದ ತುಣುಕು ಮುಗಿದ ಮೇಲೆ ಒಂದೇ ಒಂದು ಸ್ವರ ನುಡಿಸಿ, ಇದು ಎಷ್ಟು ಹೊಂದುತ್ತದೆ, ಅಂಕ ಕೊಡಿ ಅಂದರು.

ನೀವು ಹೀಗೆ ಮಾಡಿ. ಅರ್ಧ ನಿಮಿಷದ ಯಮನ್ ರಾಗದ ಆಲಾಪ ಹಾಡಿ ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳಿ. ಅದನ್ನು ಕೇಳಿಸಿ, ಒಂದು ಉಸಿರು ಬಿಟ್ಟು, ಹಾರ್ಮೋನಿಯಂನಲ್ಲಿ ಒಂದು ಸ್ವರ ಒತ್ತಿ. ಎದುರಿಗೆ ಕೂತವರು 1ರಿಂದ 7ರ ಒಳಗೆ ಅಂಕ ಕೊಡಲಿ. ಮತ್ತೆ ಅದೇ ಆಲಾಪ, ಬೇರೆ ಸ್ವರ. ಹೀಗೆ ಹನ್ನೆರಡು ಸ್ವರವನ್ನೂ ಹಿಂದುಮುಂದು ಮಾಡಿ ಒಂದೊಂದಾಗಿ ಕೇಳಿಸಿ. ಷಡ್ಜಕ್ಕೆ, ಅಂದರೆ 'ಸ'ಕ್ಕೆ, ಜಾಸ್ತಿ ಬರುವುದು ನಿಮಗೂ ಗೊತ್ತು. ಗಾಂಧಾರ ('ಗ') ಈ ರಾಗದ ವಾದಿ, ಅಂದರೆ ಮುಖ್ಯ ಸ್ವರ, ಅದಕ್ಕೂ ಒಳ್ಳೆ ಅಂಕ ಬರಬಹುದು. ಈಗ ಕೇಳಿಕೊಳ್ಳಿ, ಅಂಕ ಬಂದಿದ್ದು ಅದು ವಾದಿ ಅನ್ನುವುದಕ್ಕಾ ಅಥವಾ ನೀವು ಆಲಾಪದಲ್ಲಿ ಗಾಂಧಾರದ ಮೇಲೆ ಜಾಸ್ತಿ ಹೊತ್ತು ನಿಂತಿದ್ದಕ್ಕಾ? ಆ ಮೂವರಿಗೆ ಕಂಡಿದ್ದೂ ಇದೇ. ರಾಗವೇ ಗೊತ್ತಿಲ್ಲದ ಪಾಶ್ಚಾತ್ಯರು ಕೂಡ ಜಾಸ್ತಿ ಹೊತ್ತು ಕೇಳಿದ ಸ್ವರಕ್ಕೆ ಜಾಸ್ತಿ ಅಂಕ ಕೊಟ್ಟರು. ಆದರೆ ಥಾಟಿನ, ಅಂದರೆ ರಾಗ ಹುಟ್ಟುವ ಮೂಲ ಸ್ವರಶ್ರೇಣಿಯ, ಸುಳಿವು ಹಿಡಿದಿದ್ದು ಭಾರತೀಯರ ಕಿವಿಗಳು ಮಾತ್ರ. ಆ ಕ್ಷಣ ಕೇಳಿದ್ದು ಒಂದು, ಹುಟ್ಟಿನಿಂದ ಕೇಳಿ ಕೂಡಿಟ್ಟಿದ್ದು ಇನ್ನೊಂದು. ಎರಡೂ ಬೇರೆಬೇರೆಯಾಗಿ ಕಾಣಿಸಿಕೊಂಡವು. ನನಗೆ ಇದು ಬಹಳ ಚೆಂದದ ಪ್ರಯೋಗ ಅನ್ನಿಸುತ್ತದೆ.

1999ರಲ್ಲಿ ಬಾಲ್ಕ್‌ವಿಲ್ ಮತ್ತು ಥಾಂಪ್ಸನ್ ಅನ್ನುವ ಸಂಶೋಧಕರು ಪಾಶ್ಚಾತ್ಯ ಕೇಳುಗರಿಗೆ ಹಿಂದೂಸ್ತಾನಿ ರಾಗಗಳನ್ನು ಕೇಳಿಸಿದಾಗ ಅವರು ಸಂತೋಷ, ದುಃಖ, ಕೋಪ ಗುರುತಿಸಿದರು. ಶಾಂತ ಭಾವ ಮಾತ್ರ ಸರಿಯಾಗಿ ಸಿಗಲಿಲ್ಲ. ಯಾಕೆ ಅಂತ ಯೋಚಿಸಲು ನಿಮ್ಮಂಥ ಕಿವಿ ಬೇಕು. ಈ ವಿಷಯದ ಬಹುಪಾಲು ಕೆಲಸ ಪಿಯಾನೊ ಕೇಳಿ ಬೆಳೆದ ಕಿವಿಗಳ ಮೇಲೆ ಆಗಿದೆ. ಹತ್ತು ವರ್ಷ ಗುರುಗಳ ಮುಂದೆ ಕೂತು ಕಲಿತಿದ್ದು ನಿಮಗೆ ಅಲ್ಲಿ ದೊಡ್ಡ ಬಂಡವಾಳ.

ಇನ್ನು ಎಲ್ಲಿ ಓದುವುದು. ಬ್ರಿಟನ್ನಿನ ಶೆಫೀಲ್ಡ್, ಯಾರ್ಕ್ ಮತ್ತು ಲಂಡನ್ನಿನ ಗೋಲ್ಡ್‌ಸ್ಮಿತ್ಸ್ ಈ ವಿಷಯದಲ್ಲಿ ಹೆಸರು ಮಾಡಿವೆ. ಗೋಲ್ಡ್‌ಸ್ಮಿತ್ಸ್‌ನ ಕೋರ್ಸಿನ ಹೆಸರೇ 'ಸಂಗೀತ, ಮನಸ್ಸು, ಮಿದುಳು'. ಅಲ್ಲಿ ಒಂದೇ ವರ್ಷ, ಅದರಲ್ಲಿ ಸುಮಾರು ಮೂರನೇ ಒಂದು ಭಾಗ ನಿಮ್ಮದೇ ಸಂಶೋಧನೆ. ಫಿನ್‌ಲೆಂಡಿನ ಯುವಾಸ್ಕುಲಾ ವಿಶ್ವವಿದ್ಯಾಲಯದ್ದು ಎರಡು ವರ್ಷದ ಓದು. ಜನ ಸಂಗೀತಕ್ಕೆ ಹೇಗೆ ಮೈ ಕುಣಿಸುತ್ತಾರೆ ಅಂತ ಕ್ಯಾಮೆರಾಗಳಿಂದ ಅಳೆಯುವುದರಲ್ಲಿ ಅವರದು ಎತ್ತಿದ ಕೈ. 2017ರಿಂದ ಯುರೋಪಿನ ಹೊರಗಿನವರಿಗೆ ಅಲ್ಲಿ ಶುಲ್ಕ ಇದೆ, ವಿದ್ಯಾರ್ಥಿವೇತನ ನೋಡಿಕೊಂಡೇ ಹೊರಡಿ. ಯಾವುದಕ್ಕೇ ಆಗಲಿ, ಅರ್ಜಿ ಹಾಕುವ ಮುಂಚೆ ಆ ವರ್ಷ ಪ್ರವೇಶ ಇದೆಯಾ ಅಂತ ವಿಶ್ವವಿದ್ಯಾಲಯಕ್ಕೇ ಬರೆದು ಕೇಳಿ.

ಸಾಲ ಮಾಡಿ ಹೋಗಲೇಬೇಕು ಅಂತೇನಿಲ್ಲ. ನಮ್ಮಲ್ಲಿ ದಾರಿ ಸ್ವಲ್ಪ ಸುತ್ತು, ಆದರೆ ಇದೆ. ಅಲಹಾಬಾದ್ ವಿಶ್ವವಿದ್ಯಾಲಯ ಅಥವಾ ಗಾಂಧಿನಗರದ ಐ.ಐ.ಟಿ.ಯಲ್ಲಿ ಕಾಗ್ನಿಟಿವ್ ಸೈನ್ಸ್ (ಮನಸ್ಸು ಹೇಗೆ ಗ್ರಹಿಸುತ್ತದೆ, ಯೋಚಿಸುತ್ತದೆ ಅನ್ನುವ ವಿಜ್ಞಾನ) ಎಂ.ಎಸ್ಸಿ. ಸೇರಿ, ಪ್ರಬಂಧಕ್ಕೆ ಸಂಗೀತದ ವಿಷಯ ಹಿಡಿಯಬಹುದು. ಹೈದರಾಬಾದಿನ ಐ.ಐ.ಐ.ಟಿ.ಯಲ್ಲಿ ಸಂಗೀತ ಮತ್ತು ಮನಸ್ಸಿನ ಬಗ್ಗೆ ಕೆಲಸ ನಡೆಯುತ್ತಿದೆ. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಇದಕ್ಕೆಂದೇ ಒಂದು ಪ್ರಯೋಗಾಲಯ ಇದೆ. ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿ ಕಿವಿಯನ್ನೇ ಅರೆದು ಕುಡಿದವರು ಇದ್ದಾರೆ. ನೀವು ಈಗಲೇ ಮಾಡಬೇಕಾದ ಒಂದು ಕೆಲಸ ಇದೆ, ಸಂಖ್ಯಾಶಾಸ್ತ್ರ ಗಟ್ಟಿ ಮಾಡಿಕೊಳ್ಳಿ. ಹಾಡುವವರು ಎಡವುವುದು ಅಲ್ಲೇ. ಪ್ರಯೋಗ ಕಟ್ಟಲು ಸೈಕೋಪೈ (PsychoPy), ಲೆಕ್ಕಕ್ಕೆ ಆರ್ (R), ಈ ಎರಡೂ ಸಾಫ್ಟ್‌ವೇರ್ ಪುಕ್ಕಟೆ ಸಿಗುತ್ತವೆ. ದಿನಾ ರಿಯಾಜ್ ಮಾಡುವವರಿಗೆ ದಿನಾ ಅರ್ಧ ಗಂಟೆ ಇದಕ್ಕೆ ಕೂರುವುದು ಕಷ್ಟವಾಗಲಾರದು.

ಅಪ್ಪನ ಆತಂಕಕ್ಕೂ ನೇರ ಉತ್ತರ ಕೊಡಬೇಕು. ಈ ಪದವಿ ಹೆಸರಲ್ಲೇ ಕರೆದು ಕೊಡುವ ಕೆಲಸ ಕಡಿಮೆ. ಮುಂದೆ ಪಿಎಚ್.ಡಿ. ಮಾಡಿ ಅಧ್ಯಾಪಕರಾಗಬಹುದು, ಶ್ರವಣ ಸಾಧನ ಅಥವಾ ಸಂಗೀತದ ಆ್ಯಪ್ ಮಾಡುವ ಕಂಪನಿಗಳ ಕಡೆ ಹೋಗಬಹುದು. ರೋಗಿಗಳನ್ನು ನೋಡಬೇಕು ಅಂದರೆ ಈ ಓದು ಸಾಲದು. ಅದಕ್ಕೆ ಕ್ಲಿನಿಕಲ್ ಮನಶ್ಶಾಸ್ತ್ರದ ತರಬೇತಿ, ಭಾರತೀಯ ಪುನರ್ವಸತಿ ಪರಿಷತ್ತಿನ ನೋಂದಣಿ ಬೇಕು. ಇದನ್ನು ತಿಳಿದುಕೊಂಡೇ ನಿರ್ಧಾರ ಮಾಡಿ.

ಪ್ರಶ್ನೆ ಹುಡುಕಲು ಮಾತ್ರ ನೀವು ದೂರ ಹೋಗಬೇಕಾಗಿಲ್ಲ. ಗದಗದ ವೀರೇಶ್ವರ ಪುಣ್ಯಾಶ್ರಮ ನಿಮ್ಮೂರಿಗೆ ಹತ್ತಿರ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳ ಕಾಲದಿಂದ ಕಣ್ಣಿಲ್ಲದ ಮಕ್ಕಳು ಅಲ್ಲಿ ಕೇಳಿ ಕೇಳಿಯೇ ಸಂಗೀತ ಕಲಿತಿದ್ದಾರೆ. ಚಿಕ್ಕಂದಿನಲ್ಲೇ ದೃಷ್ಟಿ ಕಳೆದುಕೊಂಡವರು ಸ್ವರದ ಏರಿಳಿತವನ್ನು ಇತರರಿಗಿಂತ ಚೆನ್ನಾಗಿ ಗುರುತಿಸುತ್ತಾರೆ, ದೊಡ್ಡವರಾದ ಮೇಲೆ ಕಳೆದುಕೊಂಡವರಲ್ಲಿ ಹಾಗಿಲ್ಲ ಅಂತ ಕೆನಡಾದ ಮಾಂಟ್ರಿಯಲ್‌ನ ಸಂಶೋಧಕರು 2004ರಲ್ಲಿ ತೋರಿಸಿದರು. ಅವರು ಬಳಸಿದ್ದು ಬಿಡಿ ಸ್ವರಗಳನ್ನು. ಮೀಂಡ್ (ಸ್ವರದಿಂದ ಸ್ವರಕ್ಕೆ ಜಾರುವುದು), ಗಮಕ (ಸ್ವರವನ್ನು ತೂಗಿಸುವುದು) ಇವುಗಳ ನಡುವೆ ಅಡಗಿದ ಸ್ವರವನ್ನು ಆಶ್ರಮದ ಹುಡುಗನೊಬ್ಬ ಹೇಗೆ ಹಿಡಿಯುತ್ತಾನೆ? ಇದೊಂದು ಪ್ರಬಂಧಕ್ಕೆ ಆಗುವಷ್ಟು ಪ್ರಶ್ನೆ. ಹೋದರೆ ಮೊದಲು ಅವರ ಪಾಠ ಕೇಳುತ್ತಾ ಕೂತುಕೊಳ್ಳಿ. ಅನುಮತಿ, ಒಪ್ಪಿಗೆ ಎಲ್ಲ ಕ್ರಮವಾಗಿ ಪಡೆಯಿರಿ. ಪರೀಕ್ಷೆ ಆಮೇಲೆ.

ಅದಕ್ಕೂ ಮುಂಚೆ ಆ ಯಮನ್ ಪ್ರಯೋಗ ಮಾಡಿ. ಅಪ್ಪನನ್ನೇ ಮೊದಲು ಕೂರಿಸಿ. ಅವರು ಸಂಗೀತ ಕಲಿತಿಲ್ಲ ಅಂತ ಬರೆದಿದ್ದೀರಿ, ಅಂಥವರೇ ಬೇಕು. ಯಮನ್‌ನಲ್ಲಿ ಇಲ್ಲದ ಕೋಮಲ ರಿಷಭಕ್ಕೆ ಅವರು ಎಷ್ಟು ಅಂಕ ಕೊಟ್ಟರು ಅಂತ ನನಗೆ ಬರೆಯಿರಿ, ಕಾಯುತ್ತಿರುತ್ತೇನೆ.